ಬೋರ್ಡು ಹೋಗಿದೆ ಅನ್ನುವ ಶಿವಮೂರ್ತಿ

ನಂಜನಗೂಡಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಶಿವಮೂರ್ತಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ, ತಲೆ ಅಲ್ಲಾಡಿಸುವುದು. ಯಾರ ಟಿ.ವಿ.ಯನ್ನೇ ತಂದು ಮುಂದೆ ಇಡಲಿ, ಎಡಕ್ಕೊಂದು ಸಲ ಬಲಕ್ಕೊಂದು ಸಲ ತಲೆ ಆಡಿಸಿ, ಸಾವಿನ ಮನೆಗೆ ಬಂದವನ ಹಾಗೆ ‘ಚ್ಚು ಚ್ಚು’ ಅಂದು, ಕೊನೆಗೆ “ಬೋರ್ಡ್ ಓಗೈತೆ” ಅನ್ನುತ್ತಿದ್ದ. ಚಿತ್ರ ಬಾರದಿದ್ದರೂ ಬೋರ್ಡು, ಸದ್ದು ಬಾರದಿದ್ದರೂ ಬೋರ್ಡು, ಇಲಿ ವೈರು ಕಡಿದು ಹಾಕಿದ್ದರೂ ಬೋರ್ಡೇ. ಅಂಗಡಿಯ ಗೋಡೆಗೆ ಗಾಜಿನ ಚೌಕಟ್ಟಿನಲ್ಲಿ ಒಂದು ಇಂಗ್ಲಿಷ್ ಸರ್ಟಿಫಿಕೇಟು ನೇತುಹಾಕಿದ್ದ. ಹಳ್ಳಿಯಿಂದ ಬಂದವರು ಅದನ್ನು ನೋಡಿ ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬರುತ್ತಿದ್ದರು. ಕಳಲೆಯ ವಿಶಾಲಮ್ಮನ ಸೊಸೆ ಸುನೀತಾ ಒಂದು ದಿನ ಅದನ್ನು ಓದಿ ನೋಡಿದಳು. ಶಿವಮೂರ್ತಿ ಹುಡುಗನಾಗಿದ್ದಾಗ ಪಾಸು ಮಾಡಿದ ಟೈಪಿಂಗ್ ಪರೀಕ್ಷೆಯದು.

ವಿಶಾಲಮ್ಮ ಇಷ್ಟನ್ನು ಕೇಳಿ ನಗಲಿಲ್ಲ. ಅವಳಿಗೆ ಆ ಮನುಷ್ಯನ ಮೇಲೆ ಮೊದಲೇ ಅಸಹ್ಯವಿತ್ತು. ಅವಳ ಹಳೇ ಟಿ.ವಿ.ಯನ್ನು ಅವನು ಅಂಗಡಿಗೆ ಹೊತ್ತುಕೊಂಡು ಹೋಗಿ ಆರು ವಾರ ಇಟ್ಟುಕೊಂಡಿದ್ದ. ವಾಪಸು ಬಂದ ದಿನ ಹಾಕಿದರೆ ಧ್ವನಿಯೇ ಬೇರೆ. ಮೊದಲು ತುಂಬುಗಂಟಲಲ್ಲಿ ಮಾತಾಡುತ್ತಿದ್ದದ್ದು ಈಗ ತಗಡಿನ ಡಬ್ಬದೊಳಗೆ ಕೂತು ಕೆಮ್ಮಿದ ಹಾಗೆ ಕೇಳುತ್ತಿತ್ತು.

“ಇದು ನಮ್ ಟಿ.ವಿ. ಅಲ್ಲ ಕಣ್ರೀ. ಮೈ ನಮ್ದು, ವಳ್ಗಿರದು ಯಾರ್ದೋ” ಅಂದಳು.

“ನಿನ್ ಕಿವಿಗೇ ರಿಪೇರಿ ಮಾಡಿಸ್ಬೇಕು” ಅಂದ ಗಂಡ ರಾಮಯ್ಯ.

ಮೂರು ತಿಂಗಳಿಗೆ ಅದು ಪೂರ್ತಿ ಸತ್ತಿತು. ಹೊಸದನ್ನು ವಿಶಾಲಮ್ಮ ತಾನೇ ಕರೆದ ಹಾಲಿನ ಸಂಪಾದನೆಯಲ್ಲಿ ತಂದಳು. ತಂದ ದಿನವೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು: ಏನೇ ಆಗಲಿ, ಈ ಟಿ.ವಿ. ಹೊಸ್ತಿಲು ದಾಟಿ ಶಿವಮೂರ್ತಿಯ ಅಂಗಡಿಗೆ ಹೋಗಕೂಡದು.

ಹೋಗುವ ಹೊತ್ತು ಆಯುಧಪೂಜೆಯ ಮಾರನೇ ದಿನ ಬಂತು. ಹಿಂದಿನ ದಿನ ರಾಮಯ್ಯ ಟ್ರ್ಯಾಕ್ಟರಿನಿಂದ ಹಿಡಿದು ಮಿಕ್ಸಿಯವರೆಗೆ ಯಾವುದನ್ನೂ ಬಿಡದೆ ಪೂಜೆ ಮಾಡಿದ್ದ. ಹಾಲು ಕರೆಯುವ ಮಷೀನಿಗೂ ಹಾರ ಬಿದ್ದಿತ್ತು. ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಟಿ.ವಿ.ಯ ಕೆಳಗಿನ ಅಂಚಿಗೆ ಮೂರು ಬೆರಳಿನಲ್ಲಿ ದಪ್ಪಗೆ ಬಳಿದು, ನಡುವೆ ಕುಂಕುಮ ಒತ್ತಿದ್ದ. ಅವನ ಭಕ್ತಿ ಯಾವಾಗಲೂ ಹೀಗೆ, ಗಾರೆ ಕೆಲಸದ ಹಾಗೆ.

ಬೆಳಿಗ್ಗೆ ರಿಮೋಟ್ ಒತ್ತಿದರೆ ಟಿ.ವಿ. ಮಿಸುಕಲಿಲ್ಲ. ದಿನಾ ಕೆಳಗೆ ಮಿಣಮಿಣ ಅನ್ನುತ್ತಿದ್ದ ಕೆಂಪು ದೀಪವೂ ಕಾಣಲಿಲ್ಲ. ರಾಮಯ್ಯ ರಿಮೋಟನ್ನು ಅಂಗೈಗೆ ಬಡಿದ, ತೊಡೆಗೆ ಬಡಿದ, ಸೆಲ್ಲು ತೆಗೆದು ತಿರುಗಿಸಿ ಹಾಕಿದ, ಪ್ಲಗ್ಗು ಕಿತ್ತು ಮತ್ತೆ ಸಿಕ್ಕಿಸಿದ. ಸಿಕ್ಕಿಸಿದಾಗ ಟಿ.ವಿ.ಯ ಹೊಟ್ಟೆಯೊಳಗೆ ‘ಟಿಕ್’ ಅಂದದ್ದು ವಿಶಾಲಮ್ಮನಿಗೆ ಕೇಳಿಸಿತು.

“ಜೀವ ಐತೆ ಕಣ್ರೀ. ಟಿಕ್ ಅಂತು.”

“ನೀನು ಮೆಕಾನಿಕ್ಕಾ?” ಅಂದು ರಾಮಯ್ಯ ಶಿವಮೂರ್ತಿಗೆ ಫೋನು ಮಾಡಿಯೇ ಬಿಟ್ಟ.

ಶಿವಮೂರ್ತಿ ಬಂದದ್ದು ಮದುವೆಗೆ ಬರುವ ಬೀಗರ ಹಾಗೆ. ಕನ್ನಡಕವನ್ನು ನೆತ್ತಿಗೆ ಏರಿಸಿ, ಬ್ಯಾಗನ್ನು ಸೋಫಾದ ಮೇಲಿಟ್ಟು, ಟಿ.ವಿ.ಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಲೆ ಆಡಿಸಿದ.

“ರಾಮಣ್ಣ, ದೊಡ್ಡ ಟಾರ್ಚ್ ಇದ್ರೆ ತಗಬನ್ನಿ. ಅಕ್ಕ, ಒಂದ್ ಲೋಟ ಕಾಫಿ. ತಲೆ ಓಡ್ಬೇಕಲ್ಲ.”

ಟಾರ್ಚು ಕೊಟ್ಟಿಗೆಯಲ್ಲಿತ್ತು. ರಾಮಯ್ಯ ಓಡಿದ. ವಿಶಾಲಮ್ಮ ಅಡುಗೆಮನೆಗೆ ಹೋಗಿ ಹಾಲಿಟ್ಟಳು. ಅವಳ ಕಣ್ಣು ಹಾಲಿನ ಮೇಲಿತ್ತು, ಕಿವಿ ನಡುಮನೆಯಲ್ಲಿತ್ತು. ಮೊದಲು ಬಟ್ಟೆಯಿಂದ ಸರಸರ ಒರೆಸಿದ ಸದ್ದು ಬಂತು. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ‘ಟರ್ರ್’ ಅಂತು.

ಆ ಸದ್ದನ್ನು ಅವಳು ಎಲ್ಲಿದ್ದರೂ ಗುರುತು ಹಿಡಿಯುವವಳು. ಪಂಪ್‌ಸೆಟ್ಟಿನ ವೈರಿಗೆ ಸುತ್ತುವ ಕಪ್ಪು ಟೇಪು, ಸುರುಳಿಯಿಂದ ಎಳೆದಾಗ ಹಾಗೇ ಕೂಗುತ್ತದೆ. ಆದರೆ ಇಲ್ಲಿ ಯಾವ ವೈರು ಕಿತ್ತಿತ್ತು? ಸ್ಕ್ರೂ ತಿರುಗಿದ ಸದ್ದಿಲ್ಲ, ಟಿ.ವಿ.ಯ ಬೆನ್ನು ಬಿಚ್ಚಿದ ಸದ್ದಿಲ್ಲ. ಹಾಲು ಉಕ್ಕುವ ಮುಂಚೆ ಒಲೆ ಆರಿಸಿ, ಕಾಫಿ ಬೆರೆಸಿಕೊಂಡು ಹೊರಗೆ ಬಂದಳು.

ಅಷ್ಟರಲ್ಲಿ ರಾಮಯ್ಯನೂ ಟಾರ್ಚು ಹಿಡಿದು ಬಂದಿದ್ದ. ಶಿವಮೂರ್ತಿ ಟಾರ್ಚಿನ ಕಡೆ ನೋಡಲೂ ಇಲ್ಲ.

“ಪೂಜೆ ಮಾಡಿದ್ದು ಒರುಸ್ಬುಟ್ಟೆ ರಾಮಣ್ಣ, ಬಿಸಿ ಐತಾ ನೋಡ್ಬೇಕಿತ್ತು. ತಗಳಿ, ರಿಮೋಟು ನೀವೇ ಒತ್ತಿ.”

ರಾಮಯ್ಯ ಒತ್ತಿದ. ಏನೂ ಬರಲಿಲ್ಲ.

“ಬೋರ್ಡ್ ಓಗೈತೆ. ಅಂಗ್ಡೀಗೆ ತಗಂಡೋಗ್ಬೇಕು. ಸಾಮಾನು ಮೈಸೂರಿಂದ ಬರ್ಬೇಕು, ಒಂದ್ ತಿಂಗ್ಳು ಅಂತ ಇಟ್ಕಳಿ.”

ರಾಮಯ್ಯ ಟಿ.ವಿ.ಗೆ ಸುತ್ತಲು ತಾನೇ ಹಳೇ ಕಂಬಳಿ ಹುಡುಕತೊಡಗಿದ. ಕಳ್ಳನಿಗೆ ಗಂಟು ಕಟ್ಟಿಕೊಡುವ ಗಂಡನನ್ನು ನೋಡುತ್ತಾ ವಿಶಾಲಮ್ಮ ಕಾಫಿ ಲೋಟವನ್ನು ಕಿಟಕಿಯ ಮೇಲಿಟ್ಟಳು.

“ಒಂದ್ ಸ್ಕ್ರೂ ಬಿಚ್ಚುದ್ಯೇನಪ್ಪ ಶಿವಮೂರ್ತಿ?”

“ಅನುಭವ ಕಣಕ್ಕ. ಡಾಕ್ಟ್ರು ಒಟ್ಟೆ ಕುಯ್ದೇ ಏಳ್ತಾರಾ? ನಾಡಿ ನೋಡಲ್ವಾ?”

“ನಾಡಿ ನೋಡಿ ಅದುಕ್ಕೆ ಟೇಪ್ ಅಂಟ್ಸೋ ಡಾಕ್ಟ್ರು ಯಾವೂರೋನಪ್ಪ?”

ಶಿವಮೂರ್ತಿಯ ಕನ್ನಡಕ ನೆತ್ತಿಯಿಂದ ಜಾರಿ ಮೂಗಿಗೆ ಬಂತು. ರಾಮಯ್ಯ ಕಂಬಳಿ ಹಿಡಿದುಕೊಂಡೇ ಗದರಿದ. “ಏಯ್, ಕಲ್ತೋರ ಮುಂದೆ ಏನ್ ಮಾತು ಅಂತ ಆಡೀಯೆ?”

ಅವಳು ಟಿ.ವಿ.ಯ ಮುಂದೆ ಬಗ್ಗಿ, ಹಸುವಿನ ಕೆಚ್ಚಲಲ್ಲಿ ಗಂಟು ಹುಡುಕುವ ಹಾಗೆ ಕೆಳಗಿನ ಅಂಚಿನ ಉದ್ದಕ್ಕೂ ಬೆರಳಾಡಿಸಿಕೊಂಡು ಹೋದಳು. ನಡುವೆ ಒಂದು ಕಡೆ ನಯ ತಪ್ಪಿತು. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಕಪ್ಪು ಟೇಪು, ಉಗುರಗಲ. ಉಗುರು ಹಾಕಿ ಎಬ್ಬಿಸಿದಳು. ಅದರ ಕೆಳಗೆ ಕೆಂಪು ದೀಪ ಏನೂ ಆಗದ ಹಾಗೆ ಉರಿಯುತ್ತಿತ್ತು. ಗಂಡನ ಕೈಯಿಂದ ರಿಮೋಟು ಕಸಿದು ಒತ್ತಿದಳು. ಟಿ.ವಿ.ಯಲ್ಲಿ ಒಬ್ಬ ಹೆಂಗಸು ಮಾವಿನಕಾಯಿ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಳು.

ಮೂವರೂ ಸ್ವಲ್ಪ ಹೊತ್ತು ಒಗ್ಗರಣೆಯನ್ನೇ ನೋಡಿದರು.

“ನೋಡುದ್ರಾ ರಾಮಣ್ಣ?” ಅಂದ ಶಿವಮೂರ್ತಿ. “ನಾನ್ ಕೈ ಆಕಿದ್ದುಕ್ಕೆ ಕಾಂಟ್ಯಾಕ್ಟ್ ಸಿಕ್ತು.”

ನಾಚಿಕೆ ಅನ್ನುವುದು ಒಬ್ಬ ಮನುಷ್ಯನೊಳಗೆ ಇಷ್ಟು ಪೂರ್ತಿ ಬತ್ತಿಹೋಗಿರುವುದನ್ನು ವಿಶಾಲಮ್ಮ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಬೆರಳ ತುದಿಗೆ ಅಂಟಿದ್ದ ಟೇಪನ್ನು ಅವನ ಮೂಗಿನ ಹತ್ತಿರ ಹಿಡಿದಳು.

“ನಿಜ ಏಳು. ಇದನ್ನ ನಾಳೆ ಆಲಿನ್ ಡೈರಿಲಿ ಎಲ್ರಿಗೂ ತೋರುಸ್ಲಾ?”

ಅವನು ತಲೆ ತಗ್ಗಿಸಿ, ಒಂದೊಂದೇ ಮಾತು ಉಗುಳಿದ. ರಿಮೋಟಿಗೆ ಕಿವಿಗೊಡುವ ಕಣ್ಣು ಆ ಕೆಂಪು ದೀಪದ ಪಕ್ಕದಲ್ಲೇ ಇರುವುದು. ಅದರ ಮೇಲೆ ವಿಭೂತಿ ಕುಂಕುಮ ಗಟ್ಟಿ ಕೂತರೆ ರಿಮೋಟು ಒತ್ತಿದ್ದು ಟಿ.ವಿ.ಗೆ ತಿಳಿಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮನೆಯವರು ಯಾರಾದರೂ ಒರೆಸಿಬಿಟ್ಟಾರೆಂದು ತಾನೇ ಒರೆಸಿ, ಆ ಜಾಗಕ್ಕೆ ಟೇಪು ಅಂಟಿಸಿದ್ದು. ರಿಮೋಟೇ ಕೆಟ್ಟಿದ್ದರೂ ಟಿ.ವಿ.ಯ ಅಡಿಯಲ್ಲಿ ಒಂದು ಬಟನ್ ಇರುತ್ತದೆ, ಅದನ್ನು ಒತ್ತಿದರೆ ಹತ್ತುತ್ತದೆ.

“ಕಾಫಿ ಕುಡಿ” ಅಂದಳು ವಿಶಾಲಮ್ಮ. “ನಮ್ ಬೀದೀಲಿ ಇನ್ನೂ ಮೂರ್ ಮನೇಲಿ ಇಂಗೇ ಪೂಜೆ ಮಾಡಿ ಬೆಳಗ್ಗಿಂದ ಟಿ.ವಿ. ಇಲ್ಲ. ನಡಿ, ಅಲ್ಲೂ ಇದ್ನೇ ಏಳೀವಂತೆ.”

ಮೊದಲು ಎದುರುಮನೆಯ ದೊಡ್ಡಮ್ಮನ ಮನೆಗೆ ಹೋದರು. ಮೆಕಾನಿಕ್ ಬಂದ ಸುದ್ದಿಗೆ ಅಕ್ಕಪಕ್ಕದ ನಾಲ್ಕೈದು ಹೆಂಗಸರು ಬಂದು ಬಾಗಿಲಲ್ಲಿ ನಿಂತರು. ಶಿವಮೂರ್ತಿ ಬಟ್ಟೆ ಒದ್ದೆ ಮಾಡಿ ಒರೆಸಿದ. ಕೆಂಪು ದೀಪ ಕಂಡಿತು. ಅಡಿಯ ಬಟನ್ ಒತ್ತಿ ತೋರಿಸಿದ. ಟಿ.ವಿ. ಹತ್ತಿತು.

“ಇಷ್ಟೇನಾ?” ಅಂದಳು ದೊಡ್ಡಮ್ಮ.

“ಇಷ್ಟೇ ಕಣಮ್ಮ.”

“ಲೋ, ಓದ್ ವರ್ಸ ಅಬ್ಬದ್ ಮಾರ್ನೇ ದಿನ ನಂದೂ ಬೋರ್ಡ್ ಓಗೈತೆ ಅಂದಿದ್ಯಲ್ಲೋ!”

“ಅದು ಬೇರೆ ಬೋರ್ಡು.”

“ಯಾವ್ದು, ನಿನ್ ಅಂಗ್ಡಿ ಬೋರ್ಡಾ?” ಅಂದಳು ಬಾಗಿಲಲ್ಲಿದ್ದ ಒಬ್ಬಳು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಎರಡನೆಯ ಮನೆಯಲ್ಲಿ ಅವನು ಬ್ಯಾಗಿನ ಜಿಪ್ಪು ಎಳೆಯುವಷ್ಟರಲ್ಲಿ ಆ ಮನೆಯವಳೇ ಒರೆಸಿ ಮುಗಿಸಿದ್ದಳು. ಮೂರನೆಯ ಮನೆಯವರು ಅವನನ್ನು ಒಳಗೆ ಕರೆಯಲೇ ಇಲ್ಲ. ಬೀದಿಯ ಬಿಸಿಲಲ್ಲಿ ನಿಂತಿದ್ದವನಿಗೆ ಒಳಗಿನಿಂದ ಟಿ.ವಿ. ಕೂಗಿಕೊಂಡದ್ದು ಕೇಳಿಸಿತು, ಅದರ ಜೊತೆ ನಗುವೂ ಕೇಳಿಸಿತು. ಇಪ್ಪತ್ತು ವರ್ಷ ತಲೆ ಆಡಿಸಿಕೊಂಡು ಅಡಗಿಸಿಟ್ಟಿದ್ದ ಅವನ ವಿದ್ಯೆ ಒಂದು ಬೀದಿಯ ಮೂರು ಮನೆಗೂ ಸಾಲಲಿಲ್ಲ. ಯಾರಿಗೂ ಹೇಳದೆ ಬೈಕು ಹತ್ತಿ ನಂಜನಗೂಡಿನ ಕಡೆ ಹೊರಟ.

ವಿಶಾಲಮ್ಮ ಮನೆಗೆ ಬಂದಾಗ ರಾಮಯ್ಯ ಕಂಬಳಿಯನ್ನು ಬೆನ್ನಿಗೆ ಒತ್ತಿಟ್ಟುಕೊಂಡು ಆರಾಮಾಗಿ ವಾರ್ತೆ ನೋಡುತ್ತಿದ್ದ.

“ನೀನೇನೇ ಅನ್ನು, ಕೆಲ್ಸ ಗೊತ್ತಿರೋನು ಕಣೆ” ಅಂದ. “ಮೂರ್ ಮನೆ ಟಿ.ವಿ.ನೂ ಅರ್ಧ ಗಂಟೇಲಿ ರೆಡಿ ಮಾಡ್ಬುಟ್ನಲ್ಲ!”

ವಿಶಾಲಮ್ಮ ಅವನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ರಿಮೋಟು ತೆಗೆದುಕೊಂಡು, ಅವನ ಮಾತು ಕೇಳಿಸದಷ್ಟು ಸೌಂಡು ಜಾಸ್ತಿ ಮಾಡಿದಳು.