ಸ್ಪಾನರ್ ಅಕ್ಕ ಹಾಕದ ಸಹಿ

"ಎಂಜಿನ್ ಉಸಿರಾಡೋದು ಕೇಳಿದ್ರೆ ಸಾಕು, ಲೀಟರಿಗೆ ಎಷ್ಟು ಓಡುತ್ತೆ ಅಂತ ಕಣ್ಣು ಮುಚ್ಕೊಂಡು ಹೇಳ್ತೀನಿ. ಮೂವತ್ತೈದು ವರ್ಷದಲ್ಲಿ ಒಂದ್ಸಲ ತಪ್ಪಿದ್ರೆ ತೋರಿಸಿ!" ಎಂದು ಸ್ಪಾನರ್ ಅಕ್ಕ ಎದೆ ತಟ್ಟಿಕೊಂಡಳು.

ತಟ್ಟಿದ ಸದ್ದಿಗೆ ಷೆಡ್ಡಿನ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿ ಪಕ್ಕದ ಊರು ಸೇರಿದವು ಎಂದರೆ ನೀವು ನಂಬುವುದಿಲ್ಲ. ಅರ್ಧ ನಂಬಿ, ಸಾಕು. ತುಕ್ಕು ಹಿಡಿದ ನಟ್ಟನ್ನು ಅವಳು ಒಮ್ಮೆ ದುರುಗುಟ್ಟಿ ನೋಡಿದರೆ ಅದು ತಾನಾಗಿಯೇ ಅರ್ಧ ಸುತ್ತು ಸಡಿಲವಾಗುತ್ತಿತ್ತು; ಉಳಿದರ್ಧಕ್ಕೆ ಮಾತ್ರ ಸ್ಪಾನರು ಬೇಕಿತ್ತು. ಅಪ್ಪ ತೀರಿಕೊಂಡಾಗ ತಮ್ಮನಿಗೆ ಏಳು ವರ್ಷ. ಬಲಗೈಯಲ್ಲಿ ಅಪ್ಪನ ಸ್ಪಾನರು, ಎಡಗೈಯಲ್ಲಿ ತಮ್ಮನ ಕಿವಿ ಹಿಡಿದುಕೊಂಡು ಷೆಡ್ಡನ್ನೂ ಅವನನ್ನೂ ಒಟ್ಟಿಗೆ ಮೇಲಕ್ಕೆತ್ತಿದವಳು ಅವಳು. ಈಗ ಆ ತಮ್ಮ ಯಜಮಾನನಾಗಿ ಗಾಜಿನ ಕೋಣೆಯಲ್ಲಿ ತಣ್ಣಗೆ ಕೂರುತ್ತಾನೆ. ಅಕ್ಕ ಇವತ್ತಿಗೂ ಗಾಡಿಯ ಕೆಳಗೇ ಮಲಗುತ್ತಾಳೆ, ಆಯಿಲ್ ಕುಡಿಯುವುದೊಂದು ಬಾಕಿ.

ಷೆಡ್ಡಿನಲ್ಲಿ ತಯಾರಾಗುವುದು ಮನೆಗಾಡಿಗಳು. ಒಳಗೇ ಹಾಸಿಗೆ, ಒಲೆ, ಬೀರು ಎಲ್ಲ ಇರುವ ಗಾಡಿಗಳು. 'ಅಕ್ಕನ ಸಹಿ ಇಲ್ಲದೆ ಗಾಡಿ ಗೇಟು ದಾಟುವುದಿಲ್ಲ' ಎಂದು ತಮ್ಮನೇ ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆಸಿದ್ದ. ಗಿರಾಕಿಗಳಿಗೆ ಅದು ಹಿಡಿಸಿತ್ತು.

ಅಂದು ಎದೆ ತಟ್ಟಿಕೊಂಡದ್ದು ನಿವೃತ್ತ ಲೆಕ್ಕದ ಟೀಚರಮ್ಮನ ಮುಂದೆ. ಇಬ್ಬರು ಮೊಮ್ಮಕ್ಕಳನ್ನು ಕಟ್ಟಿಕೊಂಡು ಊರೂರು ಸುತ್ತುವ ಆಸೆ ಅವರದು. ನೋಟ್ ಬುಕ್ಕಿನಲ್ಲಿ ಗೆರೆ ಎಳೆದು ಮೂರು ಗಾಡಿಗೆ ಮೂರು ಮನೆ ಮಾಡಿಕೊಂಡು ಬಂದಿದ್ದರು. ಮೊದಲನೆಯದು ಬಸ್ಸಿನಂಥ ದೊಡ್ಡದು. ಏರಿನಲ್ಲೂ ಏದುಸಿರು ಬಿಡದ ಎಂಜಿನ್ನು, ಆದರೆ ಡೀಸೆಲ್ಲನ್ನು ನೀರು ಕುಡಿದಂತೆ ಕುಡಿಯುತ್ತಿತ್ತು. ಎರಡನೆಯದು ಪುಟ್ಟ ವ್ಯಾನು. ಒಳಗೆ ನೆಟ್ಟಗೆ ನಿಂತವರ ತಲೆಗೆ ಬುಗುಟು ಗ್ಯಾರಂಟಿ. ಮೂರನೆಯದು ನಡುವಿನ ಅಳತೆಯದು, ಡ್ರೈವರನ ತಲೆಯ ಮೇಲೆ ಹಾಸಿಗೆಯ ಅಟ್ಟ ಮುಂದಕ್ಕೆ ಚಾಚಿಕೊಂಡದ್ದು. ಮಕ್ಕಳು ಅಟ್ಟ ಹತ್ತಿದವರು ಇಳಿಯಲೇ ಒಲ್ಲೆ ಎಂದಿದ್ದರು.

ಅಕ್ಕ ಮೂರಕ್ಕೂ ಕಿವಿ ಕೊಟ್ಟಳು. "ದೊಡ್ಡದು ನಾಲ್ಕೂವರೆ. ವ್ಯಾನು ಹನ್ನೊಂದು. ಅಟ್ಟದ ಗಾಡಿ ಒಂಬತ್ತು. ಬರ್ಕೊಳ್ಳಿ."

ಟೀಚರಮ್ಮ ಬರೆದುಕೊಂಡರು, ನಂಬಲಿಲ್ಲ. ದಿನಕ್ಕೊಂದು ಗಾಡಿಗೆ ಟ್ಯಾಂಕು ಭರ್ತಿ ಮಾಡಿಸಿ, ನೂರು ಕಿಲೋಮೀಟರ್ ಓಡಿಸಿ, ಮತ್ತೆ ಭರ್ತಿ ಮಾಡಿಸಿದರು. ನಾಲ್ಕನೆಯ ದಿನ ಬಂದು ಹೇಳಿದರು: "ಎರಡು ಸರಿ ಕಣಮ್ಮ. ಅಟ್ಟದ್ದು ಆರೇ ಕೊಟ್ಟಿದ್ದು."

ಅಕ್ಕನ ಮುಖ ಪಂಕ್ಚರಾದ ಟ್ಯೂಬಾಯಿತು. ಅಟ್ಟವನ್ನು ಮೇಲೆ ಕೆಳಗೆ ನೋಡಿದಳು. ಚಾಚಿಕೊಂಡ ಆ ಹಣೆ ರಸ್ತೆಯ ಗಾಳಿಯನ್ನೆಲ್ಲ ಎದುರಿಸಿ ತಳ್ಳುತ್ತ ಹೋಗಬೇಕು. ಷೆಡ್ಡಿನಲ್ಲಿ ನಿಂತ ಗಾಡಿಗೆ ಎಲ್ಲಿಯ ಗಾಳಿ?

"ತಪ್ಪಿದೆ. ಕಿವಿಗೆ ಗಾಳಿ ಲೆಕ್ಕ ಸಿಗಲಿಲ್ಲ," ಎಂದಳು.

"ಆರಾದರೆ ಆರು. ಮಕ್ಕಳಿಗೆ ಇದೇ ಬೇಕಂತೆ," ಎಂದರು ಟೀಚರಮ್ಮ.

ಗಾಜಿನ ಕೋಣೆಯಿಂದ ತಪಾಸಣೆ ಹಾಳೆ ಹಿಡಿದು ತಮ್ಮ ಓಡಿಬಂದ. "ಹಾಕು ಅಕ್ಕ ಸಹಿ, ಬೇಗ."

ಸಹಿಗೆ ಮೊದಲು ಸೀಟಿನ ಮೆತ್ತೆ ಎತ್ತಿ ನೋಡುವುದು ಅವಳ ಹಳೆಯ ಚಾಳಿ. ಹಿಂದೆ ಮಕ್ಕಳು ಕೂರುವ ಬೆಂಚು ಗೋಡೆಗೆ ಬೆನ್ನು ಕೊಟ್ಟು ಅಡ್ಡಡ್ಡ ಇತ್ತು. ಮೆತ್ತೆ ಎತ್ತಿದಳು. ಬೆಂಚೂ ಸೀಟ್ ಬೆಲ್ಟೂ ಎರಡೂ ಪ್ಲೈವುಡ್ಡಿಗೆ ಮರದ ಸ್ಕ್ರೂನಲ್ಲಿ ಕೂತಿದ್ದವು. ಕೆಳಗಿನ ಕಬ್ಬಿಣದ ಚಾಸಿಗೂ ಅವಕ್ಕೂ ಮುಖಪರಿಚಯವೂ ಇರಲಿಲ್ಲ. ಒಳಗಿನ ಮರಗೆಲಸ ಮಾಡಿದ ಬಡಗಿ ಮಹಾ ಕಸಬುದಾರ. ಅವನು ಪಾಲಿಶ್ ಹಾಕಿದ ಬೀರುವಿನ ಮೇಲೆ ಇರುವೆ ಜಾರಿ ಸೊಂಟ ಮುರಿದುಕೊಳ್ಳುತ್ತಿತ್ತು. ಆದರೆ ಜನ್ಮವಿಡೀ ಮನೆಗಳಿಗೆ ಕೆಲಸ ಮಾಡಿದವನು. ಮನೆ ಎಂಬತ್ತರ ವೇಗದಲ್ಲಿ ಓಡಿ ಗಕ್ಕನೆ ನಿಲ್ಲುತ್ತದೆಂದು ಅವನಿಗೆ ಯಾವ ಕನಸು ಬೀಳಬೇಕು?

"ಇದಕ್ಕೆ ಸಹಿ ಇಲ್ಲ," ಎಂದಳು ಅಕ್ಕ.

ತಮ್ಮ ಅವಳನ್ನು ಪಕ್ಕಕ್ಕೆಳೆದು ಹಲ್ಲು ಕಚ್ಚಿದ. "ಮೈಲೇಜೇ ತಪ್ಪು ಹೇಳಿದ್ದೀಯ, ಈಗ ಸ್ಕ್ರೂ ವಿಷಯಕ್ಕೆ ಬಂದ್ಯಾ? ವಯಸ್ಸಾಯ್ತು ನಿಂಗೆ. ಹಾಕ್ತೀಯೋ, ಇಲ್ಲ ನಾಳೆಯಿಂದ ಮನೇಲಿರ್ತೀಯೋ?"

"ಕಿವಿ ನಂಬಿ ಕೆಟ್ಟೆ. ಅದಕ್ಕೇ ಈಗ ಕಣ್ಣಾರೆ ನೋಡೋಣ ಅಂತಿದ್ದೀನಿ. ಬಾ, ಆ ಬೆಂಚಲ್ಲಿ ಕೂತ್ಕೋ. ನಾನು ನಲವತ್ತಕ್ಕೆ ಓಡಿಸಿ ಬ್ರೇಕ್ ಹಾಕ್ತೀನಿ. ನೀನು ಅಲ್ಲೇ ಇದ್ರೆ ಸಹಿ, ಜೊತೆಗೆ ಹೆಬ್ಬೆಟ್ಟು ಬೇರೆ."

"ಅದಕ್ಕೇನಂತೆ? ಕೂರ್ತೀನಿ!" ಎಂದ ತಮ್ಮ, ಗಿರಾಕಿಯ ಮುಂದೆ ಗತ್ತಿನಿಂದ ಹತ್ತಿ ಬೆಲ್ಟು ಕಟ್ಟಿಕೊಂಡ. ಅಕ್ಕ ಎಂಜಿನ್ ಸ್ಟಾರ್ಟ್ ಮಾಡಿದ್ದೇ ತಡ, ಜೇಬು ತಟ್ಟಿಕೊಂಡು "ಫೋನು, ಫೋನು" ಎನ್ನುತ್ತ ಇಳಿದುಬಿಟ್ಟ. ಫೋನು ಗಾಜಿನ ಕೋಣೆಯ ಮೇಜಿನ ಮೇಲಿತ್ತು.

"ಫೋನ್ ಬಂದಿದ್ದು ಮೊಣಕಾಲಿಗೆ ಇರ್ಬೇಕು," ಎಂದಳು ಅಕ್ಕ. ಅವನ ಜಾಗದಲ್ಲಿ ಇಪ್ಪತ್ತಿಪ್ಪತ್ತು ಕಿಲೋದ ಎರಡು ಮರಳು ಚೀಲ ಇಟ್ಟು ಬೆಲ್ಟು ಬಿಗಿದಳು. ಅಂಗಳದ ಆ ತುದಿಯಿಂದ ಗಾಡಿ ಬಂತು. ಗೇಟಿನ ಮುಂದೆ ಬ್ರೇಕು ಬಿತ್ತು. ಒಳಗೆ ಬಾಗಿಲು ಒಡೆದಂಥ ಸದ್ದು. ಬೆಂಚು ಬೇರುಸಮೇತ ಎದ್ದು, ಎರಡೂ ಚೀಲಗಳನ್ನು ಬೆಲ್ಟಿನಲ್ಲಿ ಹಾಗೇ ಅಪ್ಪಿಕೊಂಡು, ಮುಂದಿನ ಸೀಟುಗಳ ನಡುವೆ ಬಂದು ಅಪ್ಪಳಿಸಿತ್ತು. ಒಂದು ಚೀಲ ಒಡೆದು ಗೇರಿನ ಸುತ್ತ ಮರಳ ದಿಣ್ಣೆಯೇ ಎದ್ದಿತು. ಅಕ್ಕನ ಕಿವಿಯಿಂದ ಉದುರಿದ ಮರಳಲ್ಲೇ ಒಂದು ಗೋಡೆ ಕಟ್ಟಬಹುದಿತ್ತು.

ಟೀಚರಮ್ಮ ಹತ್ತಿರ ಬಂದು ಒಡೆದ ಚೀಲವನ್ನು ಮುಟ್ಟಿ ನೋಡಿದರು. ಆಮೇಲೆ ನೋಟ್ ಬುಕ್ ತೆಗೆದು ಅಟ್ಟದ ಗಾಡಿಯ ಮನೆಗೆ ಅಡ್ಡಗೆರೆ ಎಳೆದರು.

"ಸೀಟು ಮುಂದಕ್ಕೆ ಮುಖ ಮಾಡಿಸಿ, ಚಾಸಿಗೇ ಬೋಲ್ಟ್ ಹಾಕಿಸಿ. ಇವರು ಸಹಿ ಹಾಕಿದ ದಿನ ಫೋನ್ ಮಾಡಿ, ಬರ್ತೀನಿ," ಎಂದು ಯಜಮಾನನಿಗೆ ಹೇಳಿ ಗೇಟು ದಾಟಿದರು.

ತಮ್ಮ ಕೆಂಡವಾದ. "ಬಂದ ಗಿರಾಕಿ ಎದುರಿಗೇ ನನ್ನ ಮರ್ಯಾದೆ ಮುರಿದು ಹಾಕಿದ್ಯಲ್ಲೇ ಅಕ್ಕ!"

ಅಕ್ಕ ಕಿತ್ತುಬಂದ ಬೆಂಚನ್ನು ಅಂಗಳಕ್ಕೆ ಎಳೆದುಹಾಕಿ, ವೆಲ್ಡಿಂಗ್ ಕನ್ನಡಕ ಹಣೆಗೇರಿಸಿದಳು.

"ಮುರಿದಿದ್ದು ಮರ್ಯಾದೆ ತಾನೇ? ತಗೊಂಡು ಬಾ, ವೆಲ್ಡ್ ಮಾಡ್ಕೊಡ್ತೀನಿ. ಮಕ್ಕಳ ಕುತ್ತಿಗೆ ಮುರಿದ್ರೆ ಅಂಟಿಸೋ ರಾಡು ನನ್ನ ಹತ್ರ ಇಲ್ಲ ಕಣೋ."