ಗ್ರೀನ್‌ಲ್ಯಾಂಡೋ ಪ್ಯಾಟಗೋನಿಯವೋ

ನಾನು ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು. ಹಂಸಭಾವಿ, ಹಾನಗಲ್ಲು, ಕೊನೆಗೆ ಹತ್ತಿಮತ್ತೂರು. ಎಲ್ಲಿಗೆ ವರ್ಗವಾದರೂ ಹಿಮನದಿಯ ಪಾಠವೆಂದರೆ ನನಗೆ ಹಬ್ಬ. ಹಿಮನದಿ ಕೊರೆದ ಕಣಿವೆಯೊಳಗೆ ಸಮುದ್ರ ನುಗ್ಗಿದರೆ ಅದು ಫಿಯೋರ್ಡ್ ಎಂದು ಸೀಮೆಸುಣ್ಣ ಅಡ್ಡ ಹಿಡಿದು ಬೋರ್ಡಿನ ಮೇಲೆ ಬಿಡಿಸುತ್ತಿದ್ದೆ. ಐಸ್‌ಕ್ಯಾಂಡಿಗಿಂತ ದೊಡ್ಡ ಮಂಜುಗಡ್ಡೆಯನ್ನು ಕಣ್ಣಾರೆ ಕಂಡವಳಲ್ಲ. ನೀವು ನೋಡಿದ್ದೀರಾ ಟೀಚರ್ ಎಂದು ತರಗತಿಯಲ್ಲಿ ಒಬ್ಬಳು ಕೇಳಿದಾಗ ಗದರಿಸಿ ಕೂರಿಸಿದ್ದೆ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಿವೃತ್ತಿಯಾದ ಮೇಲೆ ಒಮ್ಮೆಯಾದರೂ ಹೋಗಿ ನೋಡಲೇಬೇಕೆಂದು ಹಟ ಹಿಡಿದೆ. ನನಗೆ ಗ್ರೀನ್‌ಲ್ಯಾಂಡ್ ಬೇಕಿತ್ತು. ಅಲ್ಲಿ ದೋಣಿಯಲ್ಲಿ ಕೂತರೆ ಸಾಕು, ಮನೆಯಷ್ಟು ದೊಡ್ಡ ಮಂಜಿನ ಬಂಡೆಗಳು ತಾವೇ ತೇಲುತ್ತ ಪಕ್ಕದಲ್ಲಿ ಹಾಯುತ್ತವೆ. ನೋಯುವ ನನ್ನ ಮೊಣಕಾಲಿಗೆ ತಕ್ಕ ಊರು. ನಮ್ಮ ಮನೆಯವರಿಗೆ ದಕ್ಷಿಣ ಅಮೆರಿಕದ ತುದಿಯ ಪ್ಯಾಟಗೋನಿಯದ ಹುಚ್ಚು. ಅಲ್ಲಿಯೂ ಫಿಯೋರ್ಡುಗಳಿವೆ, ಆದರೆ ಅವರ ಕಣ್ಣು ಅದರ ಮೇಲಿರಲಿಲ್ಲ. ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು ಹಿಮನದಿಯ ಮೇಲೆ ನಡೆಯುವವರನ್ನು ಫೋನಿನಲ್ಲಿ ನೋಡಿಬಿಟ್ಟಿದ್ದರು. ನೆಲ ಎಂದರೆ ಕಾಲಿಗೆ ಗೊತ್ತಾಗಬೇಕು, ಕೂತು ನೋಡುವುದಾದರೆ ಫೋನೇ ಸಾಕಲ್ಲ ಎಂಬುದು ಅವರ ವಾದ.

ಅವರು ಸವಣೂರಿನ ಎಲೆ ತೋಟದವರು. ನುಗ್ಗೆ, ಚೊಗಚೆ ಗಿಡಗಳಿಗೆ ಹಬ್ಬಿಸಿದ ವೀಳ್ಯದೆಲೆಯ ಬಳ್ಳಿಗಳೇ ಅವರ ಮನೆಮಂದಿ. ಮೈಲಿಗೆಯಾದರೆ ಬಳ್ಳಿ ಬಾಡುತ್ತದೆಂಬ ನಂಬಿಕೆಯಿಂದ ತೋಟದೊಳಗೆ ಯಾರೂ ಕಾಲಿಗೆ ಚಪ್ಪಲಿ ಹಾಕುವಂತಿಲ್ಲ, ಬೇಲಿಯಾಚೆ ಬಿಟ್ಟೇ ಬರಬೇಕು. ನಮ್ಮ ಮಾವನವರ ಕಾಲದಲ್ಲಿ ತೋಟ ನೋಡಲು ಬಂದ ದೊಡ್ಡ ಅಧಿಕಾರಿಯೂ ಬೂಟು ಕಳಚಿದ್ದರಂತೆ. ಬರಿಗಾಲಲ್ಲಿ ನಡೆದು ನಡೆದು ಇವರ ಪಾದಗಳು ಅಗಲವಾಗಿ, ಯಾವ ಅಂಗಡಿಯ ಬೂಟಿನೊಳಗೂ ಹೋಗುತ್ತಿರಲಿಲ್ಲ.

ಇಬ್ಬರೂ ಕೂಡಿ ಹೋಗಲು ಸಾಧ್ಯವಿದ್ದದ್ದು ಒಂದೇ ಕಡೆ. ಗ್ರೀನ್‌ಲ್ಯಾಂಡಿನ ಪ್ರವಾಸ ಆಗಸ್ಟಿನಲ್ಲಿ. ನಮ್ಮಲ್ಲಿ ಆಗ ಮಳೆ, ಬಳ್ಳಿಯ ಬುಡ ಕೊಳೆಯುವ ರೋಗದ ಕಾಲ, ಇವರು ತೋಟ ಬಿಟ್ಟು ಒಂದು ದಿನವೂ ಅಲ್ಲಾಡುವಂತಿಲ್ಲ. ಪ್ಯಾಟಗೋನಿಯಕ್ಕಾದರೆ ಜನವರಿ, ಆಗ ತೋಟವನ್ನು ಆಳಿಗೆ ಒಪ್ಪಿಸಿ ಹೋಗಬಹುದು. ಎರಡು ವರ್ಷ ಜಗಳವಾಡಿ ನಾನೇ ಪಟ್ಟು ಬಿಟ್ಟೆ. ನೀವು ಹಿಮದ ಮೇಲೆ ನಡೆಯಿರಿ, ನಾನು ಕೆಳಗೆ ಕುರ್ಚಿ ಹಾಕಿಕೊಂಡು ನೋಡುತ್ತೇನೆ ಎಂದೆ. ಒಬ್ಬಳೇ ಹೋಗುವ ಮನಸ್ಸು ನನಗಿರಲಿಲ್ಲ.

ಅಂತೂ ಹುಬ್ಬಳ್ಳಿಯಿಂದ ಅಳತೆ ಕೊಟ್ಟು ಮಾಡಿಸಿದ ಒಂದು ಜೊತೆ ಬೂಟು ಬಂತು. ಹೋದ ಮಳೆಗಾಲದಲ್ಲಿ ದಿನಾ ಸಂಜೆ ತೋಟದಾಚೆಯ ರಸ್ತೆಯಲ್ಲಿ ಅದನ್ನು ಹಾಕಿಕೊಂಡು ಅಭ್ಯಾಸ. ಹೊಸ ಸೊಸೆಯ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಕಂಡವರೆಲ್ಲ ನಕ್ಕರು, ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಒಂದು ಸಂಜೆ ತೋಟದ ಆಳು ರಸ್ತೆಗೇ ಓಡಿ ಬಂದು, ಮೂರನೆಯ ಸಾಲಿನ ಬಳ್ಳಿ ಬಾಡುತ್ತಿದೆ ಎಂದ. ಇವರು ನಿಂತ ಕಾಲಲ್ಲೇ ಓಡಿದರು. ಸಾಲಿನ ನಡುವಿನ ಹಸಿ ಮಣ್ಣಿನಲ್ಲಿ ಕಾಲು ಹೂತಾಗಲೇ ಬೂಟಿನ ನೆನಪಾದದ್ದು. ಆಳು ಇವರ ಕಾಲನ್ನೇ ನೋಡುತ್ತ ನಿಂತನಂತೆ. ಮರುದಿನ ತೋಟದ ಬಾಗಿಲಲ್ಲಿ ಕಾಯಿ ಒಡೆದು ತಪ್ಪಾಯಿತೆಂದು ಕೈಮುಗಿದರು. ಆದರೂ ಕೆಲವೇ ದಿನಗಳಲ್ಲಿ ಆ ಸಾಲೂ ಆಚೀಚೆಯ ಎರಡು ಸಾಲುಗಳೂ ಹೋದವು.

ರೋಗ ಮೊದಲೇ ಬಂದಿತ್ತು, ಅದಕ್ಕೇ ಅಲ್ಲವೇ ನೀವು ಓಡಿದ್ದು ಎಂದು ಮಕ್ಕಳಿಗೆ ಬಿಡಿಸಿ ಹೇಳುವಂತೆ ಹೇಳಿದೆ. ಗೋಡೆಗೆ ಹೇಳಿದಂತಾಯಿತು. ತಮ್ಮ ಬೂಟೇ ತೋಟವನ್ನು ಕೆಡಿಸಿತು ಎಂಬುದು ಅವರ ಎದೆಯಲ್ಲಿ ಕೂತುಬಿಟ್ಟಿತ್ತು. ಹೊಸ ಬಳ್ಳಿ ನೆಟ್ಟು, ಅದು ಗಿಡವೇರಿ ಎಲೆ ಕೊಡುವವರೆಗೆ ಎಲ್ಲಿಗೂ ಬರುವುದಿಲ್ಲವೆಂದರು. ಅಂದರೆ ಇನ್ನೆರಡು ವರ್ಷ. ಅಷ್ಟರಲ್ಲಿ ನನ್ನ ಮೊಣಕಾಲು ವಿಮಾನದ ಮೆಟ್ಟಿಲನ್ನೂ ಹತ್ತಲಾರದೆಂದು, ಡಾಕ್ಟರು ಹೇಳದಿದ್ದರೂ ನನಗೆ ಗೊತ್ತು.

ಪ್ಯಾಟಗೋನಿಯಕ್ಕೆ ಹೆಸರು ಕೊಟ್ಟಿದ್ದ ಪ್ರವಾಸ ಕಂಪನಿಯವರು ಫೋನು ಮಾಡಿ, ಬರುವ ಆಗಸ್ಟಿನ ಗ್ರೀನ್‌ಲ್ಯಾಂಡ್ ತಂಡದಲ್ಲಿ ಒಂದು ಜಾಗವಿದೆ ಎಂದರು. ನನಗೆ ಬೇಕಾದದ್ದೇ ಕೈಗೆ ಬಂದಿತ್ತು. ಇವರ ಮೇಲಿನ ಸಿಟ್ಟಿನಿಂದ ಬೇಡವೆಂದು ಫೋನಿಟ್ಟೆ. ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಅವರೇ ಮಾತು ತೆಗೆದರು.

"ಹೋಗಿ ಬಾ. ಇಬ್ರೊಳಗ ಒಬ್ರರ ನೋಡೂಣು."

"ನೀವಿಲ್ದ ಅಲ್ಲಿ ಏನ್ ನೋಡ್ಲಿರಿ ನಾ?"

ಅವರು ಚಹಾವನ್ನು ಬಸಿಗೆ ಸುರಿದು ಆರಿಸಿದರು.

"ಹೊಳ್ಳಿ ಬಂದ ಮ್ಯಾಲ, ಅಲ್ಲೇನೂ ಇರಲಿಲ್ರಿ ಅಂತ ಮಾತ್ರ ಹೇಳಬ್ಯಾಡ. ಯಾವಾಗ್ಲೂ ಹಂಗ ಹೇಳ್ತಿ. ಚಲೋ ಇದ್ರ ಚಲೋ ಇತ್ತಂತ ಹೇಳು. ನನಗ ಅದು ಬೇಕು."

ಶಾಲೆಯ ಮಕ್ಕಳೊಂದಿಗೆ ಹೋದ ಮೈಸೂರಿನಿಂದ, ಅಕ್ಕನ ಜೊತೆ ಹೋದ ಕಾಶಿಯಿಂದ, ಎಲ್ಲಿಂದ ಬಂದಾಗಲೂ ನಾನು ಹಾಗೆಯೇ ಹೇಳಿದ್ದೆ. ಬರೀ ಗದ್ದಲ, ನೀವು ಬಾರದೇ ಇದ್ದದ್ದೇ ಒಳ್ಳೆಯದಾಯಿತು ಎಂದು. ತೋಟಕ್ಕೆ ಕಟ್ಟುಬಿದ್ದ ಮನುಷ್ಯನಿಗೆ ನೋವಾಗಬಾರದೆಂದುಕೊಂಡಿದ್ದೆ. ಕಾಶಿಯಲ್ಲಿ ಗಂಗೆಯ ಮೇಲೆ ಬೆಳಗಾಗುವುದನ್ನು ಕಂಡು ದೋಣಿಯಲ್ಲಿ ಕೂತು ಅತ್ತದ್ದನ್ನು ಅವರಿಗೆ ಹೇಳಿರಲೇ ಇಲ್ಲ. ಇಷ್ಟು ವರ್ಷ ಅವರು ನನ್ನ ಸುಳ್ಳನ್ನು ನಂಬಿದವರಂತೆ ತಲೆಯಾಡಿಸಿ ಎದ್ದು ತೋಟಕ್ಕೆ ಹೋಗುತ್ತಿದ್ದರು.

ಕಂಪನಿಗೆ ಮತ್ತೆ ಫೋನು ಮಾಡಿ ಗ್ರೀನ್‌ಲ್ಯಾಂಡಿಗೆ ನನ್ನೊಬ್ಬಳ ಹೆಸರು ಕೊಟ್ಟೆ. ಫೋನಿಟ್ಟು ಬಂದು ಅವರೆದುರು ಕೂತು, ಮೊದಲು ಕಾಶಿಯದನ್ನು ಹೇಳಲು ಶುರುಮಾಡಿದೆ.