ಹಗ್ಗದ ಈ ಕಡೆ

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಹಗ್ಗ ಹಸಿರಾಗಿತ್ತೋ ನೀಲಿಯಾಗಿತ್ತೋ, ಖಾನಾಪುರದ ಆ ಅಂಗಳದಲ್ಲಿ ಅವತ್ತು ಬಿಸಿಲಿತ್ತೋ ಮೋಡವಿತ್ತೋ, ಖಾತ್ರಿಯಿಲ್ಲ. ದಿನಚರಿಯಲ್ಲಿ ಆ ವಾರ ಬರೆದಿರುವುದು ಬರೀ ಸಿಟ್ಟು. ಸಿಟ್ಟು ಬಂದಾಗ ನಾನು ಬಣ್ಣ, ಹವಾಮಾನ ಬರೆಯುವುದಿಲ್ಲ. ಆದರೆ ಮಾತುಗಳು ನೆನಪಿವೆ, ಇಲ್ಲವೇ ನೆನಪಿವೆಯೆಂದು ನಂಬಿದ್ದೇನೆ. ಮಾತನ್ನು ಹೇಳಿದ ಹಾಗೆಯೇ ಹಿಡಿದಿಡುವುದು ನನ್ನ ಹೊಟ್ಟೆಪಾಡು.

ನಾನು ವಿಮಾನ ಸಂಚಾರ ನಿಯಂತ್ರಣದಲ್ಲಿ ಕೆಲಸ ಮಾಡುತ್ತೇನೆ. ಟವರಿನಲ್ಲಿ ಕೂತು, ನೆಲದ ಮೇಲೆ ಸಾಗುವ ವಿಮಾನ ಯಾವ ದಾರಿ ಹಿಡಿಯಬೇಕು, ಎಲ್ಲಿ ನಿಲ್ಲಬೇಕು ಎಂದು ರೇಡಿಯೋದಲ್ಲಿ ಹೇಳುತ್ತೇನೆ. ಪೈಲಟ್ ಅದನ್ನು ನನಗೆ ತಿರುಗಿ ಹೇಳಬೇಕು. ನಾನು ‘ಹೋಲ್ಡ್ ಶಾರ್ಟ್’, ಎಂದರೆ ರನ್‌ವೇಗೆ ಮುಂಚೆಯೇ ನಿಲ್ಲು, ಅಂದರೆ, ಪೈಲಟ್ ಕೂಡ ‘ಹೋಲ್ಡ್ ಶಾರ್ಟ್’ ಅನ್ನಬೇಕು, ರನ್‌ವೇಯ ಸಂಖ್ಯೆ ಹೇಳಬೇಕು, ತನ್ನ ವಿಮಾನದ ಗುರುತು ಹೇಳಬೇಕು. ‘ರೋಜರ್’ ಸಾಲದು. ರೋಜರ್ ಅಂದರೆ ಕೇಳಿಸಿತು ಎಂದಷ್ಟೇ. ಏನು ಕೇಳಿಸಿತು ಅನ್ನುವುದು ಅದರಲ್ಲಿಲ್ಲ. ಆದರೂ ‘ಓಕೆ ಮ್ಯಾಮ್’ ಅನ್ನುವವರಿದ್ದಾರೆ. ಬಾಯಿಯನ್ನೇ ತೆರೆಯದೆ ಮೈಕಿನ ಗುಂಡಿಯನ್ನು ಟಕ್ ಟಕ್ ಅನ್ನಿಸಿ ಮುಗಿಸುವ ದೊರೆಗಳೂ ಇದ್ದಾರೆ. ಇಂಥವರಿಂದ ಪೂರ್ತಿ ಮಾತು ಹೊರಡಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ.

ಹೀಗಿರುವಾಗ ನನ್ನ ತಂಗಿಯ ಮಗಳೇ ಆ ಸಾಲಿಗೆ ಸೇರಿದಳು.

ಅವಳು ದೂರದ ಊರಿನಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದಳು. ಮೊದಲ ಸಲ ಒಬ್ಬಳೇ ಹಾರುವ ದಿನ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ವಿಮಾನವನ್ನು ನೆಲದ ಮೇಲೆ ನಡೆಸಿಕೊಂಡು ರನ್‌ವೇ ಕಡೆ ಹೋಗುವಾಗ ಟವರ್ ನಿಲ್ಲು ಅಂದಿತು. ಇವಳು ‘ರೋಜರ್ ಸರ್’ ಅಂದಳು. ತಿರುಗಿ ಹೇಳು ಅಂದರು. ಮತ್ತೆ ‘ರೋಜರ್ ಸರ್’. ನಿಂತಳೇನೋ ಹೌದು. ಆದರೆ ನಿಲ್ಲುತ್ತಾಳೆಂದು ಟವರಿಗೆ ಹೇಗೆ ಗೊತ್ತಾಗಬೇಕು? ಹೀಗೆ ಮಾಡಿದ್ದು ಅದು ಮೊದಲ ಸಲವೂ ಅಲ್ಲವಂತೆ. ತರಬೇತಿ ಶಾಲೆಯವರು ಒಬ್ಬಳೇ ಹಾರುವುದನ್ನು ತಡೆದರು. ರಜೆ ಮುಗಿದ ಮೇಲೆ ಇನ್ನೊಮ್ಮೆ ಪರೀಕ್ಷಿಸುತ್ತೇವೆ, ಅಲ್ಲೂ ಹೀಗೇ ಆದರೆ ಮನೆಗೆ ಹೋಗಬೇಕಾಗುತ್ತದೆ ಅಂದರು.

ಹುಡುಗಿ ರಜೆಗೆ ಮನೆಗೆ ಬಂದಾಗ ತಂಗಿ ಫೋನಿನಲ್ಲಿ ಅತ್ತಳು. ನಾನು ನನ್ನ ಮನೆಯಿರುವ ರಾಮತೀರ್ಥ ನಗರದಿಂದ ಕಾರು ಹೊರಡಿಸಿ, ದೇಸೂರ ದಾಟುವವರೆಗೂ ಒಬ್ಬಳೇ ಬೈಯುತ್ತ ಖಾನಾಪುರಕ್ಕೆ ಹೋದೆ. ಬರವಣಿಗೆಯ ಪರೀಕ್ಷೆಯಲ್ಲಿ ಇದೇ ನಿಯಮವನ್ನು ಅಕ್ಷರ ಬಿಡದೆ ಬರೆದು ಪಾಸಾದ ಹುಡುಗಿ ಇವಳು.

ತಂಗಿಯ ಮನೆಯ ಅಂಗಳದಲ್ಲಿ, ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ನೆಲದ ಮೇಲೆ ಅಡ್ಡ ಹಾಸಿದೆ. ಹಗ್ಗದ ಆಚೆ ರನ್‌ವೇ. ತಂಗಿಯ ಸ್ಕೂಟಿಯೇ ವಿಮಾನ. ಕಟ್ಟೆಯ ಮೇಲೆ ನಾನು, ಟವರ್. ಹುಡುಗಿ ಸ್ಕೂಟಿ ತಳ್ಳುತ್ತ ಬಂದಳು. ನಾನು ಕೆಲಸದ ದನಿಯಲ್ಲಿ, ಇಂಗ್ಲಿಷಿನಲ್ಲಿ, ಹಗ್ಗಕ್ಕೆ ಮುಂಚೆ ನಿಲ್ಲು ಎಂದೆ.

“ಹೂಂ ಮೌಶಿ,” ಅಂದಳು.

ಮತ್ತೆ ಹಿಂದೆ ಕಳಿಸಿದೆ. ಮತ್ತೆ ಹೂಂ. ಬೈದೆ. ಬೈದಿದ್ದಕ್ಕೂ ಹೂಂ. ಗೋಡೆಯಾಚೆಯ ಮರಾಠಿ ಕಾಕು ಇಣುಕಿ ‘ಕಾಯ್ ಚಾಲ್ಲಂಯ್’, ಏನು ನಡೆದಿದೆ ಎಂದು ಕೇಳಿ, ನನ್ನ ಮುಖ ನೋಡಿ ಒಳಗೆ ಹೋದರು. ಕೊನೆಗೆ ಸ್ಟ್ಯಾಂಡ್ ಹಾಕಿಸಿ, ನಿನ್ನ ಬಾಯಿಗೆ ಏನಾಗುತ್ತದೆ ಎಂದು ಕೇಳಿದೆ. ಬ್ರೇಕ್ ಒತ್ತುತ್ತ ಬಿಡುತ್ತ ಹೇಳಿದಳು.

“ಆ ಟವರಿನ ಸರ್ ದನಿ ನಮ್ಮ ಅಜ್ಜನ ದನಿ ಇದ್ದಂಗ ಐತಿ ಮೌಶಿ. ಹಿರೇರು ಹೇಳಿದ್ದನ್ನ ಅವರ ಮುಂದನ ಹೊಳ್ಳಿ ಹೇಳಿದ್ರ ಅಣಕಿಸಿದಂಗ ಆಗೂದಿಲ್ಲೇನು?”

ನನಗೆ ಸಿಟ್ಟು ಏರಿತು, ಯಾಕೆಂದರೆ ಅರ್ಥವಾಯಿತು. ನಮ್ಮ ಮನೆಯಲ್ಲಿ ಹಿರಿಯರು ಏನಾದರೂ ಹೇಳಿದರೆ ಹೂಂ ಅಂದು ತಲೆ ತಗ್ಗಿಸಿ ಹೋಗಿಬಿಡಬೇಕು. ಸಣ್ಣವರಿದ್ದಾಗ ನಮ್ಮಪ್ಪ, ಅಂದರೆ ಅವಳ ಆ ಅಜ್ಜ, ಪ್ಯಾಟಿಯಿಂದ ಏನೋ ತರಲು ಹೇಳಿದಾಗ, ಮರೆಯಬಾರದೆಂದು ನಮ್ಮಿಬ್ಬರಲ್ಲಿ ಒಬ್ಬಳು ಅದನ್ನು ಅವರ ಎದುರೇ ಪುನಃ ಹೇಳಿ ಕಪಾಳಕ್ಕೆ ತಿಂದಿದ್ದಳು. ಅದು ನಾನು ಎಂದು ನಾನು, ತಾನು ಎಂದು ತಂಗಿ. ಕೆನ್ನೆ ಉರಿದದ್ದು ನನಗೆ ನೆನಪಿದೆ. ಆ ಉರಿಯನ್ನೂ ನಾನು ಅವಳಿಂದ ಎರವಲು ತಂದಿರಬಹುದು. ಅದಕ್ಕೇ ನಾನು ಈ ಕೆಲಸ ಆರಿಸಿಕೊಂಡೆ ಎಂದು ಬರೆದರೆ ಚೆನ್ನಾಗಿ ಕೂರುತ್ತದೆ. ಅಷ್ಟು ಚೆನ್ನಾಗಿ ಕೂರುವುದರಿಂದಲೇ ನನಗೆ ಅದರ ಮೇಲೆ ನಂಬಿಕೆಯಿಲ್ಲ.

ತಂಗಿಯ ಜೊತೆಗೇ ಇರುವ ನಮ್ಮವ್ವ ಬಾಗಿಲಲ್ಲಿ ಶೇಂಗಾ ಸುಲಿಯುತ್ತ ಎಲ್ಲ ಕೇಳಿಸಿಕೊಂಡಿದ್ದಳು. ಮೊಮ್ಮಗಳನ್ನು ಬೆಳೆಸಿದವಳು ಅವಳೇ.

“ಖರೇನ ಐತಲ್ಲ ಮತ್ತ,” ಅಂದಳು. “ನೀ ದಿನಾ ದೊಡ್ಡ ದೊಡ್ಡ ಗಂಡಸರ ಕಡಿಂದ ಹಂಗ ಅನಿಸಿಕೋತೀಯೇನು? ಅದಕ್ಕ ನಿನ್ನ ಬಾಯಿ ಹಿಂಗ ಆಗೇತಿ.”

ಆಗ ಹೊಳೆಯಿತು: ಈ ಹುಡುಗಿ ಅಜ್ಜಿಗೆ ಮಾತು ತಿರುಗಿ ಹೇಳಿದರೆ ಲೋಕದ ಯಾವ ಟವರಿಗೂ ಹೇಳಬಲ್ಲಳು. ಅವ್ವನನ್ನು ಕಟ್ಟೆಯ ಮೇಲೆ ಕೂರಿಸಿದೆ. ಏನು ಹೇಳಬೇಕೆಂದು ವಿವರಿಸಹೋದರೆ, ಗೊತ್ತೈತಿ ಬಿಡು ಎಂದು ಕೈಯಾಡಿಸಿದಳು.

“ಹಗ್ಗದ ಈ ಕಡೆ ನಿಂದರು. ನಾ ಹೇಳೂತನಕ ದಾಟಬ್ಯಾಡ.”

ಹುಡುಗಿ ನನ್ನ ಕಡೆ ನೋಡಿದಳು. ನಾನು ಛಾವಣಿಯ ಹಂಚಿನ ಕಡೆ ನೋಡಿದೆ.

“ಹಗ್ಗದ ಈ ಕಡೆ ನಿಂದರತೀನಿ,” ಅಂದಳು, ದನಿ ಹೂತುಹೋಗಿತ್ತು. “ನೀ ಹೇಳೂತನಕ ದಾಟಂಗಿಲ್ಲ, ಅಜ್ಜಿ.”

ಅವ್ವನ ಮುಖ ಬಿಗಿಯಿತು. ನೋಡ, ಅಣಕಸ್ತಾಳ ಎಂದು ನನಗೆ ದೂರು ಹೇಳಿದಳು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬಂತು. ಟವರ್ ಎದ್ದು ಅಡುಗೆಮನೆಗೆ ಹೋಯಿತು.

ಅವ್ವ ದಾಟು ಎಂದು ಹೇಳಿಯೇ ಇರಲಿಲ್ಲ. ಹುಡುಗಿ ಸ್ಕೂಟಿ ಹಿಡಿದು ನಿಂತೇ ಇದ್ದಳು. ನಾನೂ ದಾಟು ಅನ್ನಲಿಲ್ಲ. ಹೇಳುವವರು ಒಬ್ಬರೇ ಇರಬೇಕು. ತಂಗಿ ಹೊರಗೆ ಬಂದು, ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಒಳಗೆ ಹೋದಳು. ಕೊನೆಗೆ ಒಳಗಿನಿಂದ ಅವ್ವ, ಚಾ ಆರತೈತಿ ಬರ್ರಿ ಎಂದು ಕೂಗಿದಳು.

“ಅಜ್ಜಿ, ಹಗ್ಗ ದಾಟಲೇನು?”

“ಹೂಂ.”

ನಾನು ತಲೆ ಹಿಡಿದುಕೊಂಡೆ. ಹುಡುಗಿ ಅಲುಗಲಿಲ್ಲ.

“ಹೂಂ ಅಂದ್ರ ಏನ ಅಜ್ಜಿ? ದಾಟು ಅನ್ನು.”

ಅವ್ವ ಸೌಟು ಹಿಡಿದೇ ಹೊರಗೆ ಬಂದಳು. “ದಾಟವಾ, ದಾಟು. ನಿನ್ನ ಕಾಲ ಬೀಳತೀನಿ.”

“ದಾಟತೀನಿ ಅಜ್ಜಿ,” ಎಂದು ಸ್ಕೂಟಿ ತಳ್ಳಿದಳು. ಈ ಸಲ ದನಿ ಗಟ್ಟಿಯಾಗಿತ್ತು, ಅಥವಾ ಗಟ್ಟಿಯಾಗಲಿ ಎಂದು ನಾನು ಬಯಸಿದ್ದೆ. ಚಹಾ ಆರಿತ್ತು.

ರಜೆ ಮುಗಿಸಿ ಹೋದಳು. ಪರೀಕ್ಷೆಯ ದಿನ ನನಗೆ ಕೆಲಸವಿತ್ತು. ಸಂಜೆ ತಂಗಿ ಫೋನ್ ಮಾಡಿ, ಒಬ್ಬಾಕಿನ ಹಾರಿ ಬಂದಳಂತ ಎಂದು ಮತ್ತೆ ಅತ್ತಳು. ಹಿಂದಿನಿಂದ ಅವ್ವ, ಉಂಡಾಳೇನ ಕೇಳ ಅನ್ನುತ್ತಿದ್ದಳು. ನಾನು ರೇಡಿಯೋದಲ್ಲಿ ಏನಂದಳು ಎಂದು ಕೇಳಿದೆ. ಎಲ್ಲಾ ಛಲೋ ಆತಂತ, ನಿನ್ನದೊಂದು ಕಾಟ ಅಂದಳು ತಂಗಿ.

ಛಲೋ ಅಂದರೆ ಏನು? ಅವತ್ತು ಟವರಿನಲ್ಲಿ ಆ ಅಜ್ಜನ ದನಿಯೇ ಇತ್ತೋ, ಇಲ್ಲ ಯಾರೋ ಎಳೆಯ ದನಿಯೋ? ಎಳೆಯ ದನಿಯಾಗಿದ್ದರೆ ಅಂಗಳದಲ್ಲಿ ನಾವು ಬಿಡಿಸಿದ ಗಂಟು ಯಾವುದು? ಹುಡುಗಿಗೇ ವಾಟ್ಸಾಪಿನಲ್ಲಿ ಕೇಳಿದೆ. ಹೆಬ್ಬೆರಳಿನ ಚಿತ್ರ ಬಂತು. ಹೆಬ್ಬೆರಳು ಉತ್ತರವಲ್ಲ ಎಂದು ಬರೆದು, ಮತ್ತೆ ಕೇಳಿದೆ. ಓದಿದಳೆನ್ನುವ ನೀಲಿ ಗೆರೆಗಳು ಬಿದ್ದು ಬಹಳ ದಿನವಾಯಿತು, ನನ್ನ ಪ್ರಶ್ನೆ ಅಲ್ಲೇ ಇದೆ:

“ಅದ ಅಜ್ಜನ ದನಿ ಇತ್ತೇನು? ನಿಂದರು ಅಂದಾಗ ನೀ ಏನಂದಿ?”